ಅತಿಥಿಯ ಪಾತ್ರ

"ಯಾವ ಹೋಟೆಲು?" ಎಂದು ಓಜೆಲ್ ಮೇಬ್ರಿ ಬಾಣಲೆಯಿಂದ ತಲೆಯೆತ್ತದೆ ಕೇಳಿದ.

ಜೋಳದ ಹಿಟ್ಟಿನಲ್ಲಿ ಹೊರಳಿಸಿದ ಮೀನು ಎಣ್ಣೆಯಲ್ಲಿ ಚರಗುಟ್ಟುತ್ತಿದ್ದರೂ ಮಗಳು ಹೇಳಿದ ಹೆಸರು ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಅದು ಕೊರೀನ್‌ಗೂ ಗೊತ್ತಿತ್ತು. ಆದರೂ ಮತ್ತೆ ಹೇಳಿದಳು.

"ಲ್ಯಾಥ್ರಪ್. ಹೊಸದಾಗಿ ಸೇರಿದ ವೇಟರ್‌ಗಳಿಗೆ ತರಬೇತಿ ಕೊಡ್ಬೇಕಂತೆ. ನಮ್ಮ ನಟರು ಗಿರಾಕಿಗಳ ಹಾಗೆ ಕೂತ್ಕೋತಾರೆ, ಅವರು ಬಡಿಸ್ತಾರೆ. ಒಂದೊಂದು ಥರದ ಗಿರಾಕಿ ಬಂದಾಗ ಹೇಗೆ ನಿಭಾಯಿಸೋದು ಅಂತ ಆಡಿ ಆಡಿ ಕಲಿಯೋದು. ಹಿಡಿಸಿದ್ರೆ ವರ್ಷಪೂರ್ತಿ ಕೆಲಸ, ಅಪ್ಪಾ. ಥೇಡಿಯಸ್‌ಗೂ ವಾಂಡಾಗೂ ತಿಂಗಳ ಸಂಬಳ ಅಂತ ಕೊಡಬಹುದು. ಇಲ್ದಿದ್ರೆ ಇಬ್ಬರೂ ಅಟ್ಲಾಂಟಾ ಕಡೆ ಮುಖ ಮಾಡ್ಕೊಂಡು ಕೂತಿದ್ದಾರೆ."

ಓಜೆಲ್ ಮೀನು ತಿರುವಿ ಹಾಕಿದ. ಒಂದು ತುಂಡು ಮುರಿಯಿತು. ಅವನ ಕೈಯಲ್ಲಿ ಮೀನು ಮುರಿಯುವುದು ಅಪರೂಪ.

"ನಾನು ಅಲ್ಲಿ ವೇಟರ್ ಆಗಿ ಜೀವ ತೇಯ್ದಿದ್ದು ಸಾಲ್ಲಿಲ್ವಾ? ಈಗ ನೀನು ಹೋಗಿ ನಮ್ಮ ಮಕ್ಕಳಿಗೆ ಆ ನಗು ಕಲಿಸ್ತೀಯಾ?"

"ನಗೋದು ಕಲಿಸಲ್ಲಪ್ಪಾ."

"ಮತ್ತೇನು ಕಲಿಸ್ತೀಯ?"

ಬ್ಯಾಂಕಿನವರ ಮುಂದೆ, ಕಾಲೇಜಿನ ಮಂಡಳಿಯ ಮುಂದೆ, ಊರ ಮೇಯರನ ಮುಂದೆ ತಡವರಿಸದ ಐವತ್ತೆರಡರ ಹೆಂಗಸು, ಅಪ್ಪನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ತಿರುಗಿಸುತ್ತ ಕೂತಳು. ಓಜೆಲ್ ಮೀನು, ಬೇಯಿಸಿದ ಸೊಪ್ಪು, ಒಂದು ತುಂಡು ಜೋಳದ ರೊಟ್ಟಿ ಹಾಕಿದ ತಟ್ಟೆಯನ್ನು ಅವಳ ಮುಂದಿಟ್ಟ. ಸಿಟ್ಟಿನಲ್ಲಿದ್ದರೂ ತಟ್ಟೆ ಮೇಜಿಗೆ ತಾಗಿದ ಸದ್ದು ಬರಲಿಲ್ಲ.

ಫೇಯೆಟ್‌ವಿಲ್ ರಸ್ತೆಯ ಹಳಬರಿಗೆಲ್ಲ ಕೊರೀನ್ ಮೇಬ್ರಿ ಅಂದರೆ ಈಗಲೂ ಅರ್ನೆಸ್ಟೀನಳ ಮಗಳೇ. ಅರ್ನೆಸ್ಟೀನಳ ಬ್ಯೂಟಿ ಪಾರ್ಲರಿನಲ್ಲಿ ಅವಳು ಬೆಳೆದದ್ದು. ಶನಿವಾರಗಳಂದು ಕೂದಲು ಒಣಗಿಸುವ ಬಿಸಿಗಾಳಿಯ ಟೋಪಿಗಳ ಕೆಳಗೆ ಟೀಚರಮ್ಮಂದಿರು, ವಿಮಾ ಕಂಪನಿಯ ಗುಮಾಸ್ತೆಯರು, ಪಾಸ್ಟರನ ಹೆಂಡತಿ ಸಾಲಾಗಿ ಕೂತಿರುವಾಗ ಈ ಹುಡುಗಿ ಸೋಡಾ ಪೆಟ್ಟಿಗೆಯ ಮೇಲೆ ಹತ್ತಿ ಅವರನ್ನೇ ಅವರಿಗೆ ಆಡಿ ತೋರಿಸುತ್ತಿದ್ದಳು. ಹೊಟ್ಟೆ ಹಿಡಿದು ನಕ್ಕವರು ಹೋಗುವಾಗ ಮುಂದಿನ ವಾರಕ್ಕೂ ಹೆಸರು ಬರೆಸುತ್ತಿದ್ದರು. "ನಗಿಸಿದ್ದು ಸಾಕು, ಟವೆಲು ಮಡಿಸು," ಎಂದು ಅರ್ನೆಸ್ಟೀನ್ ಗದರಿದರೂ, ಮಗಳ ಆಟದಿಂದ ವ್ಯಾಪಾರಕ್ಕೆ ಒಳ್ಳೆಯದಾಗುತ್ತಿದೆ ಎಂಬುದನ್ನು ಗಮನಿಸದಿರುವಷ್ಟು ದಡ್ಡಿಯಾಗಿರಲಿಲ್ಲ.

ಮುಂದೆ ಕೊರೀನ್ ಗುಡ್ಡದ ಮೇಲಿನ ನಮ್ಮ ಕಪ್ಪು ಜನರ ಕಾಲೇಜಿನಲ್ಲಿ ನಾಟಕ ಓದಿದಳು. ನ್ಯೂಯಾರ್ಕಿಗೆ ಹೋಗಿ ಕೆಲವು ವರ್ಷ ದಾದಿ, ಆಯಾ, ಮತ್ತೆ ದಾದಿ ಆಗಿ ರಂಗದ ಮೇಲೆ ಬಂದುಹೋದಳು. ವಾಪಸು ಬಂದು ಸಮುದಾಯ ಕಾಲೇಜಿನಲ್ಲಿ ವ್ಯಾಪಾರದ ಪಾಠ ಹೇಳತೊಡಗಿದಳು. ಕೇಕು ಮಾಡುವವರು, ಕ್ಷೌರದ ಅಂಗಡಿ ಇಡಬೇಕೆನ್ನುವವರು, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು ಅವಳ ವಿದ್ಯಾರ್ಥಿಗಳು. ಬ್ಯಾಂಕಿನ ಮ್ಯಾನೇಜರನ ಜೊತೆ ಮಾತಾಡುವುದನ್ನು ಪುಸ್ತಕದಿಂದ ಹೇಳಿದರೆ ಅವರು ಆಕಳಿಸುತ್ತಿದ್ದರು. ಒಂದು ದಿನ ತಾನೇ ಮ್ಯಾನೇಜರ್ ಆಗಿ ಮೂಗಿನ ತುದಿಗೆ ಕನ್ನಡಕ ಇಳಿಸಿ ಕೂತಳು. ಇಡೀ ತರಗತಿ ಎದ್ದು ಕೂತಿತು. ಅವಳ ದಾರಿ ಅವಳಿಗೆ ಸಿಕ್ಕಿದ್ದು ಆವತ್ತು.

ತಾಯಿ ತೀರಿಕೊಂಡ ಮೇಲೆ ಪಾರ್ಲರಿನ ಪಕ್ಕದ ಪೀಠೋಪಕರಣದ ಅಂಗಡಿ ಖಾಲಿ ಬಿತ್ತು. ಕೊರೀನ್ ನಡುವಿನ ಗೋಡೆ ಒಡೆಸಿದಳು. ಅಂಗಡಿ ರಂಗಮಂದಿರವಾಯಿತು, ಪಾರ್ಲರು ಅದರ ಮುಂಗೋಣೆಯಾಯಿತು. ಬೋರ್ಡು ಮಾತ್ರ ಹಾಗೇ ಉಳಿಯಿತು: 'ಅರ್ನೆಸ್ಟೀನ್ಸ್'. ಬೆಳಿಗ್ಗೆ ಕಂಪನಿಗಳಿಗೆ ತರಬೇತಿ, ಸ್ಕೂಲು ಬಿಟ್ಟ ಮೇಲೆ ಮಕ್ಕಳಿಗೆ ನಾಟಕದ ಪಾಠ, ವಾರದ ಕೊನೆಗೆ ನಮ್ಮ ಜನರ ನಾಟಕ. "ಮೂರು ದೋಣಿ ಮೇಲೆ ಕಾಲಿಟ್ಟಿದ್ದೀಯಮ್ಮ, ಹುಷಾರು," ಎಂದು ಪಾಸ್ಟರ್ ಒಮ್ಮೆ ಎಚ್ಚರಿಸಿದ್ದರು. ಅದಕ್ಕೆ ಅವಳು, "ಮೂರು ಎಲ್ಲಿ ಪಾಸ್ಟರ್? ಇರೋದು ಒಂದೇ ದೋಣಿ. ನಾಟಕ ಹಾಯಿ, ಪಾಠ ಹುಟ್ಟು, ವ್ಯಾಪಾರ ತೂತು ಮುಚ್ಚೋಕೆ," ಎಂದಿದ್ದಳು.

ಓಜೆಲ್ ಈ ದೋಣಿಗೆ ಕೈ ಜೋಡಿಸಿದವನೇ. ಕುರ್ಚಿಗಳಿಗೆ ಮೊಳೆ ಹೊಡೆದಿದ್ದ, ಗೋಡೆಗೆ ಬಣ್ಣ ಬಳಿದಿದ್ದ. ನಾಟಕದ ದಿನ ಒಳ್ಳೆಯ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಅವರವರ ಜಾಗಕ್ಕೆ ಕರೆದೊಯ್ದು ಕೂರಿಸುತ್ತಿದ್ದ. ಆದರೆ ದೀಪ ಆರಿತೋ, ಹೊರಗೆ ಹೋಗಿ ತನ್ನ ಹಳೆಯ ಬ್ಯೂಕ್ ಕಾರಿನಲ್ಲಿ ಕೂತು ರೇಡಿಯೋ ಹಾಕಿಕೊಳ್ಳುತ್ತಿದ್ದ. ಮಗಳ ಒಂದು ನಾಟಕವನ್ನೂ ಅವನು ನೋಡಿರಲಿಲ್ಲ. ಯಾರಾದರೂ ಕೇಳಿದರೆ, "ಬಿಳಿಯರ ಮುಂದೆ ಹಗಲೂ ರಾತ್ರಿ ನಾಟಕ ಆಡಿ ಮುಗಿಸಿದವನು ನಾನು. ಇನ್ನೊಬ್ಬರದ್ದನ್ನ ಯಾಕೆ ನೋಡ್ಲಿ?" ಅನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಕೊರೀನ್‌ಗೆ ಮಾತ್ರ ಅದು ತಮಾಷೆಯಲ್ಲ ಎಂದು ಗೊತ್ತಿತ್ತು.

ತರಬೇತಿಯ ಮೊದಲ ದಿನ ಬೆಳಿಗ್ಗೆ ಥೇಡಿಯಸ್ ಫೋನು ಮಾಡಿದ. ಅಟ್ಲಾಂಟಾದಿಂದಲೇ ಮಾಡುತ್ತಿದ್ದ. ಯಾವುದೋ ಧಾರಾವಾಹಿಯವರು ಹಠಾತ್ತನೆ ಕರೆದಿದ್ದರು. "ಮಿಸ್ ಕೊರೀನ್, ಕ್ಷಮಿಸಿ, ಇಂಥಾ ಅವಕಾಶ..." ಎಂದ. ಅವಳು ಒಳ್ಳೆಯದಾಗಲಿ ಎಂದು ಹಾರೈಸಿ ಫೋನಿಟ್ಟು, ಆಮೇಲೆ ಒಂದು ಒಳ್ಳೆಯ ಬೈಗುಳ ಬೈದಳು. ಆ ದಿನ ಸ್ಕೂಲಿಗೆ ರಜೆ, ವಾಂಡಾ ಬೆಳಿಗ್ಗೆಯೇ ಮಕ್ಕಳ ತರಗತಿ ನೋಡಿಕೊಳ್ಳಬೇಕಿತ್ತು. ಗಿರಾಕಿಯ ಪಾತ್ರಕ್ಕೆ ಯಾರೂ ಉಳಿಯಲಿಲ್ಲ.

ವೇಷದ ಪೆಟ್ಟಿಗೆ ಅವಳ ಸಣ್ಣ ಕಾರಿನಲ್ಲಿ ಹಿಡಿಯುತ್ತಿರಲಿಲ್ಲ. ಓಜೆಲ್ ಬ್ಯೂಕ್ ತಂದು ನಿಲ್ಲಿಸಿದ. ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡಿದ್ದ.

"ಪೆಟ್ಟಿಗೆ ಇಳಿಸಿ ಬರ್ತೀನಿ, ಅಷ್ಟೆ," ಎಂದ.

"ನಾನೇನೂ ಕೇಳ್ಲಿಲ್ಲವಲ್ಲಪ್ಪಾ."

"ನೀನು ಕೇಳದೇ ಇರೋದು ನನಗೆ ಕೇಳಿಸ್ತು."

ಹೋಟೆಲಿನ ನೆಲಮಾಳಿಗೆಯ ಸಭಾಂಗಣದಲ್ಲಿ ನಾಲ್ಕಾರು ಮೇಜುಗಳನ್ನು ಊಟಕ್ಕೆ ಸಜ್ಜುಗೊಳಿಸಿದ್ದರು. ಗೋಡೆಗುಂಟ ಹೊಸಬರು ನಿಂತಿದ್ದರು. ಮುಕ್ಕಾಲು ಪಾಲು ನಮ್ಮ ಮಕ್ಕಳೇ, ಹೆದ್ದಾರಿಯ ಈಚೆಯ ಬೀದಿಗಳವರು. ತರಬೇತಿ ನೋಡಿಕೊಳ್ಳುವ ಹಾಲಿಸ್ ಎಂಬ ಬಿಳಿಯ ಯುವಕ ಕೈ ಕುಲುಕಿ, "ನಮಗೆ ಬೇಕಾಗಿರೋದು ಇಷ್ಟೇ, ಗಿರಾಕಿ ಏನು ಮಾಡಿದರೂ ಇವರ ಮುಖದಲ್ಲಿ ಬೇಸರ ಕಾಣಬಾರದು," ಎಂದ. ಒಳ್ಳೆಯ ಹುಡುಗ. ಹಾಗೆ ಹೇಳುವಾಗ ಅವನ ಮುಖದಲ್ಲೂ ಬೇಸರವಿರಲಿಲ್ಲ.

ಗಿರಾಕಿಯಾಗಿ ಕೊರೀನಳೇ ಕೂತಳು. ಹಟಮಾರಿ ಗಿರಾಕಿ, ಕಿವುಡು ಗಿರಾಕಿ, ತಟ್ಟೆ ತಿರುಗಿಸಿ ನೋಡುವ ಗಿರಾಕಿ, ಎಲ್ಲ ಮಾಡಿದಳು. ಹುಡುಗರು ಕಿಸಕ್ಕನೆ ನಗುತ್ತಿದ್ದರು. ಅವಳು ಎಷ್ಟು ಹುಬ್ಬು ಗಂಟಿಕ್ಕಿದರೂ ಅವರಿಗೆ ಕಾಣುತ್ತಿದ್ದದ್ದು ಮಿಸ್ ಕೊರೀನ್, ಅರ್ಧ ಜನರ ಅಮ್ಮಂದಿರಿಗೆ ಪಾಠ ಹೇಳಿದವಳು.

"ಆ ಮನುಷ್ಯ ಹಂಗೆ ಕೂರಲ್ಲ," ಎಂದು ಹಿಂದಿನಿಂದ ಒಂದು ದನಿ ಬಂತು.

ಪೆಟ್ಟಿಗೆ ಇಳಿಸಿ ಎಷ್ಟೋ ಹೊತ್ತಾಗಿದ್ದರೂ ಓಜೆಲ್ ಹೋಗಿರಲಿಲ್ಲ. ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಯಾವ ಮನುಷ್ಯ?" ಎಂದಳು ಕೊರೀನ್.

"ತೊಂದರೆ ಕೊಡೋ ಮನುಷ್ಯ. ಅವನು ಮುಂದಕ್ಕೆ ಬಾಗಿ ಗದರಲ್ಲ. ಹಿಂದಕ್ಕೆ ಒರಗಿರ್ತಾನೆ. ಅವನಿಗೆ ಅವಸರ ಇರಲ್ಲ."

ಯಾರೂ ನಗಲಿಲ್ಲ. ಕೊರೀನ್ ಎದ್ದು ಕುರ್ಚಿ ಹಿಂದಕ್ಕೆಳೆದಳು. "ಹಂಗಾದ್ರೆ ನೀನೇ ಬಂದು ತೋರಿಸು."

ಅವನು ಬರುವುದಿಲ್ಲ ಎಂದೇ ಅವಳು ಅಂದುಕೊಂಡಿದ್ದಳು. ಬಂದ. ಟೋಪಿಯನ್ನು ಮೇಜಿನ ಮೇಲಿಟ್ಟು ಕೂತ. ಕೂತ ಗಳಿಗೆಯಲ್ಲೇ ಅವನ ಭುಜಗಳು ಅಗಲವಾದವು, ಒಂದು ತೋಳು ಪಕ್ಕದ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಹೋಗಿ ಮಲಗಿತು. ಕಣ್ಣುಗಳು ಅರೆ ಮುಚ್ಚಿದವು. ತನ್ನಪ್ಪನ ಮೈಯೊಳಗೆ ಬೇರೆ ಯಾರೋ ಬಂದು ಕೂತದ್ದನ್ನು ಕೊರೀನ್ ಬಾಯಿ ಬಿಟ್ಟು ನೋಡಿದಳು.

ಬಡಿಸುವ ಸರದಿ ಟಿಯಾರಾ ಎಂಬ ಹುಡುಗಿಯದು. ಇಪ್ಪತ್ತು ದಾಟಿರಬಹುದು. ಮನೆಯಲ್ಲಿ ಪುಟ್ಟ ಮಗು, ಅದನ್ನು ಅಜ್ಜಿಯ ಹತ್ತಿರ ಬಿಟ್ಟು ಬಸ್ಸು ಹಿಡಿದು ಬಂದಿದ್ದಳು. ಈ ಕೆಲಸಕ್ಕೆಂದು ಬಣ್ಣ ಬಣ್ಣದ ಉದ್ದ ಉಗುರು ಕತ್ತರಿಸಿದ್ದಳು.

"ನಮಸ್ಕಾರ ಸಾರ್. ನಾನು ಟಿಯಾರಾ. ಸೂಪು ತಂದಿದ್ದೀನಿ."

"ಇಡು, ಸೂಸಿ."

"ಟಿಯಾರಾ, ಸಾರ್."

"ಅದನ್ನೇ ಹೇಳಿದ್ದು. ಸೂಸಿ." ಅವನು ಪಕ್ಕದ ಖಾಲಿ ಕುರ್ಚಿಗಳ ಕಡೆ ನೋಡಿ ಕಣ್ಣು ಮಿಟುಕಿಸಿದ. ಅಲ್ಲಿ ಅವನ ಗೆಳೆಯರು ಕೂತಿದ್ದಾರೆ ಎಂದು ಎಲ್ಲರಿಗೂ ಕಂಡಿತು. ತೊಡೆಯ ಮೇಲಿದ್ದ ನ್ಯಾಪ್ಕಿನ್ನನ್ನು ಎರಡು ಬೆರಳಲ್ಲಿ ಎತ್ತಿ ನೆಲದ ಮೇಲೆ ಬಿಟ್ಟ. "ಅಯ್ಯೋ. ಬಿತ್ತು ನೋಡು."

ಟಿಯಾರಾ ಬಗ್ಗಿ ಎತ್ತಿಕೊಟ್ಟಳು. ಅವನು ಮತ್ತೆ ಬೀಳಿಸಿದ. ಅವಳು ಮತ್ತೆ ಬಗ್ಗಿದಳು. ಅವನು ಧ್ವನಿ ಏರಿಸಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ. ಬರೀ ಬೀಳಿಸಿದ, ಮತ್ತು ಗೆಳೆಯರ ಕಡೆ ನೋಡಿ ನಕ್ಕ. "ಎಷ್ಟು ಚೆನ್ನಾಗಿ ಬಗ್ತಾಳೆ ನೋಡ್ರೋ," ಎಂದ, ಮೆಲ್ಲಗೆ, ಹೊಗಳುವ ಹಾಗೆ. ಅವಳು ಮೂರನೆಯ ಸಲ ಬಗ್ಗಿ ಎತ್ತಿದಳು. ನಗುವನ್ನು ಮಾತ್ರ ಬಿಟ್ಟಿರಲಿಲ್ಲ. ಆ ನಗುವಿನ ಮೇಲೆಯೇ ಕಣ್ಣೀರು ಇಳಿಯಿತು.

ಓಜೆಲ್ ಥಟ್ಟನೆ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಅವನು ಹುಡುಗಿಯ ಮುಖ ನೋಡಿದ, ತನ್ನ ಕೈ ನೋಡಿಕೊಂಡ, ಟೋಪಿಯನ್ನೂ ಮರೆತು ಹೊರಗೆ ನಡೆದ.

ಅಡುಗೆಮನೆಗೆ ಹೋಗುವ ಓಣಿಯಲ್ಲಿ ಮಡಿಸಿಟ್ಟ ಮೇಜುಬಟ್ಟೆಗಳ ತಳ್ಳುಗಾಡಿಗೆ ಒರಗಿ ಅವನು ನಿಂತಿದ್ದ. ಕೊರೀನ್ ಹತ್ತಿರ ಹೋದಳು, ಮುಟ್ಟಲಿಲ್ಲ.

"ನಾನು ಬಡಿಸ್ತಿದ್ದ ಆ ಮನುಷ್ಯ ಸತ್ತು ಎಷ್ಟೋ ವರ್ಷ ಆಯ್ತು," ಎಂದ ಓಜೆಲ್. "ಪೇಪರ್‌ನಲ್ಲಿ ಫೋಟೋ ಬಂದಿತ್ತು. ಒಳ್ಳೇ ಮನುಷ್ಯ ಅಂತ ಬರೆದಿದ್ರು. ಮುಗೀತು ಅಂದ್ಕೊಂಡೆ. ನೋಡಿದ್ರೆ ಇಲ್ಲೇ ಕೂತಿದ್ದಾನೆ." ಗಂಟಲು ಮುಟ್ಟಿ ತೋರಿಸಿದ. "ಅವನ ದನಿ, ಅವನ ಕೆಮ್ಮು, ಎಲ್ಲಾ. ಆ ಮಗುವಿನ ಮೇಲೆ ಬಿಟ್ಟೆನಲ್ಲ ನಾನು."

"ನ್ಯಾಪ್ಕಿನ್ನು..."

"ಅವರಿಗೆ ನಗು ಸಾಕಾಗೋವರೆಗೂ ಎತ್ತಿದೆ. ಮನೆಗೆ ಬಂದು ನಿಮ್ಮಮ್ಮನಿಗೆ ಹೇಳ್ಲಿಲ್ಲ. ಹೇಳಿದ್ರೆ ಅವಳು ಮಾರನೇ ದಿನ ಕೆಲಸಕ್ಕೆ ಕಳಿಸ್ತಿರ್ಲಿಲ್ಲ. ಕೆಲಸ ಬೇಕಿತ್ತು. ನೀನು ಆಗ ತಾನೆ ನಡಿಯೋಕೆ ಕಲೀತಿದ್ದೆ. ಸೊಂಟ ನೋವು ಅಂತ ಹೇಳಿ ಮಲಗಿದೆ. ಪಾಪ, ಎಣ್ಣೆ ಹಚ್ಚಿ ನೀವಿದ್ಲು."

ಕೊರೀನ್ ಅಪ್ಪನ ಪಕ್ಕದಲ್ಲಿ ಗೋಡೆಗೆ ಒರಗಿದಳು. ಇಬ್ಬರೂ ಎದುರಿನ ಗೋಡೆ ನೋಡುತ್ತ ನಿಂತರು. ಆಚೆ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಕೊನೆಗೆ ಅವನ ಕೋಟಿನ ತೋಳಿಗೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದಳು.

ಬಾಗಿಲು ತೆರೆದು ಟಿಯಾರಾ ಬಂದಳು. ಮುಖ ತೊಳೆದುಕೊಂಡಿದ್ದಳು. ಕೈಯಲ್ಲಿ ಓಜೆಲ್‌ನ ಟೋಪಿ.

"ತಾತ, ಇದನ್ನ ಬಿಟ್ಟು ಬಂದ್ರಿ."

"ಮಗಳೇ, ನನ್ನದು ತಪ್ಪಾಯ್ತು," ಎಂದ ಓಜೆಲ್. "ಬುದ್ಧಿ ಇಲ್ಲದ ಮುದುಕ ನಾನು. ಆ ಥರ..."

"ಇನ್ನೊಂದ್ಸಲ ಮಾಡಿ."

"ಏನು?"

"ಅದನ್ನೇ. ಇನ್ನೊಂದ್ಸಲ. ಹಂಗೇ ಮಾಡಬೇಕು, ಪಾಪ ಅಂತ ಬಿಡಬಾರ್ದು." ಅವಳು ಮೂಗು ಒರೆಸಿಕೊಂಡಳು. "ಅಳ್ತಾ ನಿಂತಾಗ ನನಗೊಂದು ಹೊಳೀತು. ಆದ್ರೆ ಅಷ್ಟೊತ್ತಿಗೆ ನೀವು ಓಡಿಹೋದ್ರಿ."

"ಇಲ್ಲಮ್ಮ, ನನ್ನ ಕೈಲಾಗಲ್ಲ."

"ಮಿಸ್ ಕೊರೀನ್, ನಾಟಕದಲ್ಲಿ ಇನ್ನೊಂದ್ಸಲ ಮಾಡ್ಬಹುದಲ್ವಾ? ಮೇಲಿನ ಊಟದ ಮನೇಲಿ ಮಾಡೋಕಾಗಲ್ಲ. ಇಲ್ಲಿ ಆಗತ್ತೆ ತಾನೆ?"

ಕೊರೀನ್ ಅಪ್ಪನ ಕಡೆ ನೋಡಿದಳು. "ಆಗತ್ತೆ," ಎಂದಳು.

ಓಜೆಲ್ ಮತ್ತೆ ಬಂದು ಕೂತಾಗ ಹಾಲಿಸ್ ಏನೋ ಹೇಳಲು ಹೊರಟ. ಕೊರೀನ್ ಕೈಯೆತ್ತಿ ತಡೆದಳು. ಓಜೆಲ್‌ನ ತೋಳು ಪಕ್ಕದ ಕುರ್ಚಿಯ ಮೇಲೆ ಹೋಯಿತು. ಕಣ್ಣು ಅರೆ ಮುಚ್ಚಿತು.

"ಇಡು, ಸೂಸಿ."

"ಟಿಯಾರಾ, ಸಾರ್."

ನ್ಯಾಪ್ಕಿನ್ ಬಿತ್ತು. ಟಿಯಾರಾ ಅದನ್ನು ನೋಡಿದಳು. ಅವಸರ ಮಾಡಲಿಲ್ಲ. ಪಕ್ಕದ ಮೇಜಿನಿಂದ ಮಡಿಸಿದ ಹೊಸದೊಂದನ್ನು ತಂದು ಅವನ ಕೈಗೆಟುಕುವ ಹಾಗೆ ಇಟ್ಟಳು.

"ಹೊಸದು ತಂದಿದ್ದೀನಿ ಸಾರ್. ಬಿದ್ದಿದ್ದು ಬಿದ್ದಿರ್ಲಿ, ನೀವು ಎದ್ದ ಮೇಲೆ ತೆಗೀತೀನಿ."

ಅವನು ಹೊಸದನ್ನೂ ಎತ್ತಿ ಬೀಳಿಸಿದ. "ಅದೂ ಬಿತ್ತಲ್ಲ."

"ಬಿತ್ತು ಸಾರ್. ಒಳಗೆ ಬೇಕಾದಷ್ಟಿದೆ, ನೀವು ಬೀಳಿಸ್ತಾ ಇರಿ, ನಾನು ತರ್ತಾ ಇರ್ತೀನಿ. ಸೂಪು ಮಾತ್ರ ಆರ್ತಾ ಇದೆ."

ಗೋಡೆಗುಂಟ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಟಿಯಾರಾ ನಗಲಿಲ್ಲ. ಎರಡೂ ಕೈ ಮುಂದೆ ಕಟ್ಟಿ, ಅವನನ್ನು ನೇರ ನೋಡುತ್ತ ಕಾದಳು. ಓಜೆಲ್ ಬಾಯಿ ತೆರೆದ. ಆ ಮನುಷ್ಯ ಈಗ ಏನು ಹೇಳುತ್ತಾನೆ ಎಂದು ಒಳಗೆ ಹುಡುಕಿದ. ಗೆಳೆಯರ ಕಡೆ ನೋಡಿದ. ಖಾಲಿ ಕುರ್ಚಿಗಳು. ತೋಳು ತಾನಾಗಿಯೇ ಇಳಿದು ಬಂತು. ಅವನು ಚಮಚ ಎತ್ತಿಕೊಂಡು ಖಾಲಿ ಬಟ್ಟಲಿಗೆ ಅದ್ದಿ ಬಾಯಿಗಿಟ್ಟ.

"ಸೂಪು ಚೆನ್ನಾಗಿದೆ," ಎಂದ, ತನ್ನದೇ ದನಿಯಲ್ಲಿ. "ತುಂಬಾ ಚೆನ್ನಾಗಿದೆ, ಟಿಯಾರಾ."

ಹುಡುಗರು ಚಪ್ಪಾಳೆ ಹೊಡೆದರು. ಒಬ್ಬ ಸೀಟಿಯನ್ನೂ ಹಾಕಿದ.

ಎಲ್ಲ ಮುಗಿದು ಹೊಸಬರು ಊಟಕ್ಕೆ ಹೋದಾಗ ಹಾಲಿಸ್ ಕೊರೀನಳ ಹತ್ತಿರ ಬಂದ. ಕಿವಿ ಕೆಂಪಾಗಿತ್ತು.

"ಅದ್ಭುತವಾಗಿತ್ತು ಮೇಡಂ, ಸುಳ್ಳು ಹೇಳಲ್ಲ. ಆದರೆ ಆ ಭಾಗ ತೆಗೀಬೇಕಾಗತ್ತೆ. ಗಿರಾಕಿಗೆ ಎದುರು ಮಾತಾಡೋದನ್ನ ನಾವೇ ದುಡ್ಡು ಕೊಟ್ಟು ಕಲಿಸಿದ್ವಿ ಅಂದ್ರೆ ಮೇಲಿನವರು ನನ್ನ ಸುಮ್ನೆ ಬಿಡಲ್ಲ."

"ಎದುರು ಮಾತು ಎಲ್ಲಿ ಆಡಿದಳು? ಹೊಸ ನ್ಯಾಪ್ಕಿನ್ ತಂದುಕೊಟ್ಟಳು. ಸೂಪು ಆರುತ್ತೆ ಅಂತ ಕಾಳಜಿ ಮಾಡಿದಳು."

"ನಿಮಗೆ ಗೊತ್ತು ನಾನು ಹೇಳ್ತಿರೋದು ಏನು ಅಂತ."

"ಗೊತ್ತು." ಕೊರೀನ್ ಪೆಟ್ಟಿಗೆಗೆ ಬಟ್ಟೆ ತುಂಬುವುದನ್ನು ನಿಲ್ಲಿಸಿದಳು. ವರ್ಷದ ಕೆಲಸ, ವಾಂಡಾಳ ಸಂಬಳ, ಚಳಿಗಾಲಕ್ಕೆ ಮುಂಚೆ ಆಗಬೇಕಿದ್ದ ಚಾವಣಿಯ ರಿಪೇರಿ ಎಲ್ಲ ಕಣ್ಣ ಮುಂದೆ ಬಂದವು. ಅಪ್ಪ ಮೇಜಿನ ಬಳಿ ಬೆನ್ನು ಹಾಕಿ ಕೂತಿದ್ದ. ಅವನಿಗೆ ಎಲ್ಲ ಕೇಳಿಸುತ್ತಿತ್ತು. "ಮಿಸ್ಟರ್ ಹಾಲಿಸ್, ನಾನು ವ್ಯಾಪಾರದ ಪಾಠ ಹೇಳೋಳು, ಅದೇ ಭಾಷೇಲಿ ಹೇಳ್ತೀನಿ. ಹೋದ ವರ್ಷ ನೀವು ತಯಾರು ಮಾಡಿದವರಲ್ಲಿ ಈಗ ಯಾರಿದ್ದಾರೆ?"

ಅವನು ಹೊಸಬರು ಹೋದ ಬಾಗಿಲ ಕಡೆ ನೋಡಿದ.

"ಸಂಬಳಕ್ಕೆ ಬಿಟ್ಟುಹೋದವರು ಕೆಲವರು ಇರಬಹುದು. ಉಳಿದವರು ಇಂಥದ್ದೊಂದು ಸಂಜೆ ಕಳೆದು, ಮಾರನೇ ದಿನ ಬರಲಿಲ್ಲ. ಏನು ಮಾಡ್ಬೇಕು ಅಂತ ಯಾರೂ ಹೇಳಿಕೊಟ್ಟಿರ್ಲಿಲ್ಲ. ಟಿಯಾರಾಗೆ ಈಗ ಗೊತ್ತು. ಅವಳು ಬರ್ತಾಳೆ. ಆ ಭಾಗ ಬೇಡ ಅಂದ್ರೆ ನೀವು ಬೇರೆ ಯಾರನ್ನಾದರೂ ಕರೀಬೇಕು. ಅದಿಲ್ದೆ ನನ್ನ ಹತ್ರ ಮಾರೋಕೆ ಏನೂ ಇಲ್ಲ."

ಹಾಲಿಸ್ ಕತ್ತಿನ ಹಿಂಭಾಗ ಉಜ್ಜಿಕೊಂಡ. ಕೇಳಿ ನೋಡುತ್ತೇನೆ ಎಂದ.

ವಾಪಸು ಹೋಗುವಾಗ ಓಜೆಲ್‌ನೇ ಕಾರು ಓಡಿಸಿದ. ಫೇಯೆಟ್‌ವಿಲ್ ರಸ್ತೆಗೆ ತಿರುಗುವ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಾಗ, "ಏನು ಕಲಿಸ್ತೀಯ ಅಂತ ಕೇಳಿದ್ದೆನಲ್ಲ. ಇನ್ಮೇಲೆ ಕೇಳಲ್ಲ, ಬಿಡು," ಎಂದ. ಸಿಗ್ನಲ್ ಹಸಿರಾದರೂ ಮುಂದೆ ಹೋಗಲಿಲ್ಲ. ಹಿಂದಿನವರು ಹಾರನ್ ಹೊಡೆದರು.

ಹೋಟೆಲಿನವರು ವರ್ಷಕ್ಕೆ ಒಪ್ಪಲಿಲ್ಲ. ವಸಂತದ ತಿಂಗಳುಗಳಿಗೆ ಮಾತ್ರ, ನೋಡೋಣ, ಎಂದರು. ಆ ಭಾಗದ ಬಗ್ಗೆ ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಥೇಡಿಯಸ್ ಅಟ್ಲಾಂಟಾದಲ್ಲೇ ಉಳಿದ. ವಾಂಡಾ ಉಳಿದುಕೊಂಡಳು. ಚಾವಣಿಗೆ ತಾತ್ಕಾಲಿಕವಾಗಿ ಟಾರ್ಪಾಲು ಹೊದಿಸಿದರು. ಕೊರೀನ್ ಇನ್ನೊಂದು ಕಡೆ, ನರ್ಸುಗಳನ್ನು ತಯಾರು ಮಾಡುವ ಶಾಲೆಯೊಂದಕ್ಕೆ, ಇದೇ ಪಾಠ ಹಿಡಿದುಕೊಂಡು ಹೋದಳು. ರೋಗಿಯ ಪಾತ್ರಕ್ಕೆ ಓಜೆಲ್‌ನನ್ನು ಕರೆದೊಯ್ದಳು. ಅವನು ಎಷ್ಟು ಚೆನ್ನಾಗಿ ನರಳಿದನೆಂದರೆ ಒಬ್ಬ ಮೇಷ್ಟ್ರು ನಿಜವಾಗಿಯೂ ಓಡಿ ಬಂದರು.

ಆ ಬೇಸಿಗೆಗೆ ಕೊರೀನ್ ಹೊಸ ನಾಟಕ ಬರೆದಳು. ಹೆದ್ದಾರಿಗೆಂದು ಕೆಡವುವ ಮೊದಲು ಅಲ್ಲಿದ್ದ ನಮ್ಮವರ ಬೀದಿಯೊಂದರ ಕಥೆ. ಮನೆ ಬಿಡಲೊಪ್ಪದ ಒಬ್ಬ ಮುದುಕನ ಸಣ್ಣ ಪಾತ್ರವಿತ್ತು. ಯಾರಿಗೆ ಎಂದು ಅವಳು ಹೇಳಲಿಲ್ಲ. ತಾಲೀಮಿನ ಮೊದಲ ದಿನ ಓಜೆಲ್ ಬಂದು ಆ ಮುದುಕನ ಕುರ್ಚಿಯಲ್ಲಿ ಕೂತ.

ಬಾರ್ಬರ್ ಅಂಗಡಿಯಲ್ಲಿ ಸುದ್ದಿ ಹಬ್ಬಿತು. "ಏನೋ ಓಜೆಲ್, ಸಿನಿಮಾದವರು ಫೋನು ಮಾಡಿದ್ರಾ?" ಎಂದು ಗೆಳೆಯರು ಕೆಣಕಿದರು. "ಮಾಡಿದ್ರು. ನಿನ್ನ ಹೊಟ್ಟೆಗೂ ಒಂದು ಪಾತ್ರ ಇದೆಯಂತೆ, ಅದಕ್ಕೆ ದೊಡ್ಡ ಪರದೆ ಹುಡುಕ್ತಿದ್ದಾರೆ," ಎಂದು ಓಜೆಲ್ ತಿರುಗಿಸಿ ಕೊಟ್ಟ.

ಆದರೆ ತಾಲೀಮು ಸುಲಭವಾಗಿರಲಿಲ್ಲ. ಮಾತು ಅವನಿಗೆ ನೆನಪಿರುತ್ತಿರಲಿಲ್ಲ, ದಿನಕ್ಕೊಂದು ಹೊಸದು ಹೇಳುತ್ತಿದ್ದ. ಅದನ್ನು ಹೇಗೋ ಸರಿಮಾಡಬಹುದಿತ್ತು. ಮೈಯನ್ನು ಸರಿಮಾಡುವುದೇ ಕಷ್ಟವಾಯಿತು. ಬೇರೆ ನಟರು ಹತ್ತಿರ ಬಂದರೆ ಸಾಕು, ಅವನು ತಾನಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಮಾತಾಡುತ್ತ ಆಡುತ್ತ ರಂಗದ ಅಂಚಿಗೆ, ಕಂಬದ ನೆರಳಿಗೆ ಹೋಗಿ ಸೇರುತ್ತಿದ್ದ. ಹೋಟೆಲಿನ ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಬರತೊಡಗಿದ್ದ ಟಿಯಾರಾ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, "ತಾತ, ಯಾಕೆ ಹಂಗೆ ಅವಿತ್ಕೋತೀರಿ? ಬಾಡಿಗೆ ಕೇಳೋಕೆ ಯಾರಾದ್ರೂ ಬಂದಿದ್ದಾರಾ?" ಅನ್ನುತ್ತಿದ್ದಳು.

"ಅಪ್ಪಾ, ನಡುವೆ ಬಾ. ಅದು ನಿನ್ನ ಮನೆ," ಎಂದಳು ಕೊರೀನ್ ಒಂದು ದಿನ.

"ಕಾಣಿಸ್ದೆ ಇರೋದನ್ನ ಕಲಿಯೋಕೆ ನನಗೆ ವರ್ಷಗಟ್ಟಲೆ ಹಿಡೀತು ಮಗಳೇ. ನೀನು ಒಂದು ಬೇಸಿಗೇಲಿ ಮರೆಸ್ತೀನಿ ಅಂತೀಯ."

ಕೊರೀನ್ ಮೇಲೆ ಹತ್ತಿ ಹೋಗಿ ಅವನ ಹೆಗಲಿಗೆ ಎರಡೂ ಕೈ ಇಟ್ಟಳು. ಮೆಲ್ಲಗೆ ಹಿಂದಕ್ಕೆ ನಡೆಸಿಕೊಂಡು ಬಂದು ನಡುರಂಗದಲ್ಲಿ ನಿಲ್ಲಿಸಿದಳು. ಅವನ ಮೂಳೆಗಳು ಇಷ್ಟು ಹಗುರವಾಗಿವೆ ಎಂದು ಅವಳಿಗೆ ಗೊತ್ತಿರಲಿಲ್ಲ. "ಇಲ್ಲಿ," ಎಂದಳು. "ಯಾರು ಬಂದ್ರೂ ಸರೀಬೇಡ. ಅವರೇ ಸುತ್ತು ಹಾಕ್ಕೊಂಡು ಹೋಗ್ಲಿ."

ಮೊದಲ ಪ್ರದರ್ಶನ ಒಂದು ಭಾನುವಾರ, ಚರ್ಚು ಬಿಟ್ಟ ಮೇಲೆ. ಹೆಂಗಸರು ಪ್ರಾರ್ಥನೆಯ ಅಗಲ ಟೋಪಿಗಳಲ್ಲೇ ಬಂದಿದ್ದರು, ಹಿಂದಿನ ಸಾಲಿನವರು ರಂಗ ಕಾಣದೆ ಗೊಣಗುತ್ತಿದ್ದರು. ಬಾರ್ಬರ್ ಅಂಗಡಿಯವರು ಒಂದು ಸಾಲು ಪೂರ್ತಿ ಹಿಡಿದಿದ್ದರು. ಮೂಲೆಯಲ್ಲಿ ಹಾಲಿಸ್ ಕೂಡ ಇದ್ದ, ಟೈ ಇಲ್ಲದೆ. ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವ ಕೆಲಸ ಈ ಸಲ ವಾಂಡಾಳ ಪಾಲಿಗೆ ಬಂದಿತ್ತು. ಕೊರೀನ್ ಮೇಲಿನ ಸಣ್ಣ ಕೋಣೆಯಲ್ಲಿ ದೀಪದ ಹಲಗೆಯ ಮುಂದೆ ಕೂತಿದ್ದಳು.

ಓಜೆಲ್ ಎರಡು ಕಡೆ ಮಾತು ಮರೆತ. ಒಂದು ಕಡೆ ನಾಟಕದಲ್ಲಿಲ್ಲದ್ದೊಂದನ್ನು ಹೇಳಿ ಬಾರ್ಬರ್ ಅಂಗಡಿಯ ಸಾಲನ್ನು ನಗಿಸಿದ. ಮನೆ ಕೆಡವುವವರು ಬಂದು ಸುತ್ತ ನಿಂತಾಗ ಸರಿಯಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬಳು, "ಹೌದಪ್ಪಾ, ಹೇಳು ಅವರಿಗೆ," ಎಂದು ಕೂಗಿದಳು.

ಕೊನೆಗೆ ನಟರೆಲ್ಲ ಕೈ ಕೈ ಹಿಡಿದು ಸಾಲಾಗಿ ಮುಂದೆ ಬಂದರು. ಜನ ಎದ್ದು ನಿಂತರು. ಟಿಯಾರಾಳ ಮಗು ಯಾರದೋ ತೊಡೆಯ ಮೇಲಿಂದ ತಾನೂ ಚಪ್ಪಾಳೆ ತಟ್ಟತೊಡಗಿತು. ಸಾಲು ಒಟ್ಟಿಗೆ ಸೊಂಟ ಬಾಗಿಸಿ ವಂದಿಸಿತು.

ಓಜೆಲ್ ಬಾಗಲಿಲ್ಲ. ಎರಡೂ ಕಡೆ ಬಗ್ಗಿದ ಬೆನ್ನುಗಳ ನಡುವೆ, ಕೈಗಳನ್ನು ಬಿಡಿಸಿಕೊಂಡು ಇಳಿಬಿಟ್ಟು, ನೆಟ್ಟಗೆ ನಿಂತಿದ್ದ. ಮುಖದಲ್ಲಿ ನಗುವಿರಲಿಲ್ಲ, ಬೇಸರವೂ ಇರಲಿಲ್ಲ. ಬಂದವರನ್ನೆಲ್ಲ ಈ ಕೊನೆಯಿಂದ ಆ ಕೊನೆಯವರೆಗೆ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ.

ಕೊರೀನಳ ಬೆರಳು ಹಲಗೆಯ ಗುಂಡಿಯ ಮೇಲಿತ್ತು. ದೀಪ ಇಳಿಸುವ ಹೊತ್ತು ದಾಟಿತ್ತು. ಅವಳು ಬೆರಳನ್ನು ಹಾಗೇ ಇಟ್ಟುಕೊಂಡು ಕೂತಳು.